ತೌಡು ಕುಟ್ಟಿದವರ ಕಥೆ

ಪ್ರಯೋಜನಕ್ಕೆ ಬಾರದ ಕೆಲಸಕ್ಕೆ ನಮ್ಮಲ್ಲಿ ‘ತೌಡು ಕುಟ್ಟೋದು’ ಅಂತಾರೆ. ಅಕ್ಕಿ ತೆಗೆದಾದ ಮೇಲೆ ಉಳಿದ ತೌಡನ್ನ ಎಷ್ಟು ಕುಟ್ಟಿದರೂ ಮತ್ತೆ ಅಕ್ಕಿ ಬರಲ್ಲ ಅನ್ನೋದು ಅದರ ತಾತ್ಪರ್ಯ. ಅಕ್ಕಿ ಮನುಷ್ಯರಿಗೆ, ತೌಡು ದನಗಳಿಗೆ. ಭತ್ತ ಬೆಳೆಯುವ ನಮ್ಮ ಕರಾವಳಿ ಕಡೆ ಇವತ್ತಿಗೂ ಇದೇ ಲೆಕ್ಕ. ಆದರೆ ತೌಡಿನ ಹಿಂದೆ ಬಿದ್ದು ನೊಬೆಲ್ ಬಹುಮಾನ ಪಡೆದವರೂ ಇದ್ದಾರೆ. ನಿಮ್ಮ ಡೆಸ್ಕಿನ ಡ್ರಾಯರ್‌ನಲ್ಲಿರೋ ವಿಟಮಿನ್ ಡಬ್ಬಿಯ ವಂಶಾವಳಿ ಹುಡುಕಿಕೊಂಡು ಹೋದರೆ ಕೊನೆಗೆ ಸಿಗೋದು ಇದೇ ತೌಡು.

ಡಬ್ಬಿ ಇರೋದು ನಿಮ್ಮ ಡ್ರಾಯರ್‌ನಲ್ಲಿ ಮಾತ್ರ ಅಲ್ಲ ಬಿಡಿ. ನಮ್ಮ ಟೀಮಿನ ಹನ್ನೊಂದು ಜನರಲ್ಲಿ ಆರು ಜನ ದಿನಾ ಏನಾದರೊಂದು ನುಂಗುತ್ತಾರೆ. ಮಲ್ಟಿವಿಟಮಿನ್, ನೀರಲ್ಲಿ ಬುಸ್ ಅಂತ ಕರಗೋ ವಿಟಮಿನ್ ಸಿ, ಕೂದಲಿಗೆ ಬಯೋಟಿನ್. ಯಾಕಪ್ಪಾ ಅಂತ ಕೇಳಿದರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಉತ್ತರ: “ತಗೊಂಡ್ರೆ ಒಳ್ಳೇದಲ್ವಾ? ಬಂದ್ರೆ ಲಾಭ, ಹೋದ್ರೆ ನಷ್ಟ ಏನು?” ಈ ‘ನಷ್ಟ ಏನು’ ಅನ್ನೋ ಪ್ರಶ್ನೆಗೆ ಚರಿತ್ರೆ ಕೊಟ್ಟಿರೋ ಉತ್ತರ ಸ್ವಲ್ಪ ಗಂಭೀರವಾಗಿದೆ. ಅಲ್ಲಿಗೆ ಬರೋಣ. ಮೊದಲು ತೌಡಿನ ಕಥೆ.

ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಏಷ್ಯಾದ ಅನ್ನ ಉಣ್ಣುವ ದೇಶಗಳನ್ನು ಬೆರಿಬೆರಿ ಅನ್ನೋ ಕಾಯಿಲೆ ಕಾಡುತ್ತಿತ್ತು. ಕಾಲು ಜೋಮು ಹಿಡಿದು ಸೋತು ಹೋಗೋದು, ಮೈ ಬಾವು ಬರೋದು, ಕೊನೆಗೆ ಹೃದಯ ನಿಂತು ಹೋಗೋದು. ವಿಚಿತ್ರ ಅಂದರೆ ಬೇರೆ ಕಾಯಿಲೆಗಳು ಬಡವರನ್ನು ಹುಡುಕಿಕೊಂಡು ಹೋದರೆ, ಇದು ಸರ್ಕಾರವೇ ಹೊಟ್ಟೆತುಂಬ ಅನ್ನ ಹಾಕುತ್ತಿದ್ದ ಸೈನಿಕರು, ನಾವಿಕರು, ಕೈದಿಗಳನ್ನು ಹಿಡಿಯುತ್ತಿತ್ತು.

1882–83ರಲ್ಲಿ ಜಪಾನಿನ ‘ರ್‍ಯೂಜೋ’ ಅನ್ನೋ ತರಬೇತಿ ಹಡಗು ದೂರದ ಯಾನಕ್ಕೆ ಹೋಯಿತು. ಅದರಲ್ಲಿದ್ದ 376 ಜನರಲ್ಲಿ 169 ಜನರಿಗೆ ಬೆರಿಬೆರಿ ಬಂತು, 25 ಜನ ಸತ್ತರು. ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ ಊಟದಲ್ಲೇ ಏನೋ ಎಡವಟ್ಟಿದೆ ಅಂತ ಹಟ ಹಿಡಿದ. 1884ರಲ್ಲಿ ‘ತ್ಸುಕುಬಾ’ ಅನ್ನೋ ಹಡಗನ್ನು ಅದೇ ದಾರಿಯಲ್ಲಿ ಕಳಿಸಿದರು. ಈ ಸಲ ಅನ್ನ ಕಡಿಮೆ ಮಾಡಿ ಮಾಂಸ, ಹಾಲು, ಬ್ರೆಡ್, ಕಾಳು ಸೇರಿಸಿದ್ದರು. ಕಾಯಿಲೆ ಬಂದದ್ದು 14 ಜನರಿಗೆ. ಒಬ್ಬರೂ ಸಾಯಲಿಲ್ಲ.

ಪ್ರೋಟೀನ್ ಕಮ್ಮಿಯಾಗಿದ್ದೇ ಇದಕ್ಕೆಲ್ಲ ಕಾರಣ ಅಂತ ತಕಾಕಿ ನಂಬಿದ್ದ. ಅದು ತಪ್ಪು. ಆದರೆ ಮಾಡಿದ ಕೆಲಸ ಸರಿ ಇತ್ತು. ರೂಟ್ ಕಾಸ್ ಗೊತ್ತಿಲ್ಲದೇ ಬಗ್ ಸರಿಹೋಗೋದು ನಮ್ಮ ಫೀಲ್ಡಿನಲ್ಲೂ ಇದೆಯಲ್ಲ, ಹಾಗೆ. ಸೇನೆಯವರು ಮಾತ್ರ ಇದನ್ನು ಒಪ್ಪಲಿಲ್ಲ. ಜರ್ಮನಿಯಲ್ಲಿ ಓದಿ ಬಂದಿದ್ದ ಅವರ ವೈದ್ಯರು ಇದೊಂದು ರೋಗಾಣುವಿನ ಕೆಲಸ ಅಂತಲೇ ಕೂತರು. 1904–05ರ ರಷ್ಯಾ ಯುದ್ಧದಲ್ಲಿ ಜಪಾನಿನ ಭೂಸೇನೆ ಬೆರಿಬೆರಿಯಿಂದಲೇ ಸುಮಾರು 27,000 ಸೈನಿಕರನ್ನು ಕಳೆದುಕೊಂಡಿತು. ಅದೇ ಹೊತ್ತಿಗೆ ನೌಕಾಪಡೆಯಲ್ಲಿ ಈ ಕಾಯಿಲೆ ಹೆಚ್ಚುಕಡಿಮೆ ಮರೆತೇ ಹೋಗಿತ್ತು.

ಕಾರಣದ ಜಾಡು ಸಿಕ್ಕಿದ್ದು ಡಚ್ಚರ ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತಾದಲ್ಲಿ. ಅಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಅನ್ನೋ ವೈದ್ಯ ಬೆರಿಬೆರಿಯ ರೋಗಾಣು ಹುಡುಕುತ್ತಾ ಕೋಳಿಗಳನ್ನು ಸಾಕಿಕೊಂಡಿದ್ದ. ಕೋಳಿಗಳಿಗೆ ಇದ್ದಕ್ಕಿದ್ದಂತೆ ಕಾಲು ಸೋತು ಹೋಯಿತು. ಸ್ವಲ್ಪ ದಿನ ಬಿಟ್ಟು ತಾವಾಗಿಯೇ ಸುಧಾರಿಸಿದವು. ಹುಡುಕಿದರೆ ಕಾರಣ ಅಡುಗೆಮನೆಯಲ್ಲಿತ್ತು. ಕೋಳಿ ನೋಡಿಕೊಳ್ಳುವವನು ಖರ್ಚು ಉಳಿಸೋಕೆ ಮಿಲಿಟರಿ ಆಸ್ಪತ್ರೆಯ ಉಳಿದ ಬಿಳಿ ಅನ್ನ ಹಾಕುತ್ತಿದ್ದ. ಆಮೇಲೆ ಬಂದ ಹೊಸ ಅಡುಗೆಯವನು ಮಿಲಿಟರಿ ಅನ್ನ ಮಿಲಿಟರಿಗಲ್ಲದ ಕೋಳಿಗಳಿಗೆ ಯಾಕೆ ಅಂತ ನಿಲ್ಲಿಸಿಬಿಟ್ಟ. ಪಾಲಿಶ್ ಆಗದ ಅಕ್ಕಿಗೆ ವಾಪಸ್ ಬಂದ ಕೋಳಿಗಳು ಎದ್ದು ಓಡಾಡಿದವು.

ಕೋಳಿ ಸರಿ, ಮನುಷ್ಯರಲ್ಲೂ ಹಾಗೇನಾ? ವೋರ್ಡರ್‌ಮನ್ ಅನ್ನೋ ಅಧಿಕಾರಿ ಜಾವಾದ 101 ಜೈಲುಗಳ ಲೆಕ್ಕ ತೆಗೆದ. ತೌಡು ಉಳಿದ ಅಕ್ಕಿ ಕೊಡುತ್ತಿದ್ದ 37 ಜೈಲುಗಳಲ್ಲಿ ಬೆರಿಬೆರಿ ಇದ್ದದ್ದು ಒಂದರಲ್ಲಿ. ಪಾಲಿಶ್ ಅಕ್ಕಿ ಕೊಡುತ್ತಿದ್ದ 51 ಜೈಲುಗಳ ಪೈಕಿ 36ರಲ್ಲಿ. ಇವತ್ತಿನ ಡೇಟಾ ಅನಾಲಿಸ್ಟ್ ಕೂಡ ಎದ್ದು ನಿಂತು ಕೈ ಮುಗಿಯುವಂಥ ಟೇಬಲ್ ಅದು.

ಇಷ್ಟಾದರೂ ಅನ್ನದಲ್ಲಿ ವಿಷ ಇದೆ, ತೌಡು ಅದನ್ನು ಮುರಿಯುತ್ತೆ ಅಂತಲೇ ಐಕ್‌ಮನ್ ಅಂದುಕೊಂಡಿದ್ದ. ಅವನ ಜಾಗಕ್ಕೆ ಬಂದ ಗೆರಿಟ್ ಗ್ರೈನ್ಸ್ 1901ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದ. ಅನ್ನದಲ್ಲಿ ಇರಬಾರದ್ದೇನೂ ಇಲ್ಲ, ಇರಬೇಕಾದ್ದು ಇಲ್ಲ ಅಂದ. ಯಾವುದೋ ಒಂದು ವಸ್ತುವಿನ ಇರುವಿಕೆಯಿಂದ ಅಲ್ಲ, ಗೈರುಹಾಜರಿಯಿಂದ ಮನುಷ್ಯ ಸಾಯಬಹುದು! ರೋಗಾಣುಗಳ ಹಿಂದೆ ಬಿದ್ದಿದ್ದ ಆ ಕಾಲಕ್ಕೆ ಇದು ಸುಲಭಕ್ಕೆ ತಲೆಗೆ ಹೋಗುವ ಮಾತಾಗಿರಲಿಲ್ಲ.

ಇಲ್ಲಿ ನಮ್ಮ ಕುಚ್ಚಲಕ್ಕಿಗೂ ಒಂದು ಪಾತ್ರ ಇದೆ. ಭತ್ತವನ್ನು ಉಮಿ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿದರೆ ಕುಚ್ಚಲಕ್ಕಿ. ಬೇಯಿಸುವಾಗ ತೌಡಿನಲ್ಲಿರುವ ಸತ್ವ ಕಾಳಿನ ಒಳಕ್ಕೆ ಇಳಿಯುತ್ತೆ, ಹಾಗಾಗಿ ಮಿಲ್ಲಿಗೆ ಕೊಟ್ಟರೂ ಪೂರ್ತಿ ಹೋಗಲ್ಲ. ಮಲಯಾದಲ್ಲಿ ಬೆಳ್ತಿಗೆ ಅನ್ನ ಉಣ್ಣುವ ಚೀನೀ ಕೂಲಿಗಳು ಬೆರಿಬೆರಿಯಿಂದ ಸಾಯುತ್ತಿದ್ದಾಗ, ಕುಚ್ಚಲಕ್ಕಿ ಉಣ್ಣುವ ತಮಿಳು ಕೂಲಿಗಳಿಗೆ ಅದು ಅಪರೂಪವಾಗಿತ್ತು. 1905ರಲ್ಲಿ ವಿಲಿಯಂ ಫ್ಲೆಚರ್ ಅನ್ನೋ ವೈದ್ಯ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಯಾಮಿನ ಬಿಳಿ ಅಕ್ಕಿ, ಇನ್ನೊಂದಕ್ಕೆ ಭಾರತದ ಕುಚ್ಚಲಕ್ಕಿ ಕೊಟ್ಟ. ಬಿಳಿ ಅಕ್ಕಿಯವರಲ್ಲಿ 18 ಜನ ಬೆರಿಬೆರಿಯಿಂದ ಸತ್ತರು, ಕುಚ್ಚಲಕ್ಕಿಯವರಲ್ಲಿ ಒಬ್ಬರೂ ಇಲ್ಲ. ಕೇಳದೇ ರೋಗಿಗಳ ಮೇಲೆ ಹೀಗೆ ಪ್ರಯೋಗ ಮಾಡೋದು ಇವತ್ತಾದರೆ ಅಪರಾಧ. ಆದರೆ ನಮ್ಮ ಅಜ್ಜಿಯಂದಿರು ಗಂಜಿ ಬೇಯಿಸುತ್ತಿದ್ದ ಅಕ್ಕಿಯ ಮರ್ಯಾದೆ ಅಲ್ಲಿ ಲೆಕ್ಕದಲ್ಲಿ ಸಾಬೀತಾಯಿತು.

1912ರಲ್ಲಿ ಲಂಡನ್ನಿನಲ್ಲಿದ್ದ ಪೋಲೆಂಡಿನ ಕ್ಯಾಸಿಮಿರ್ ಫಂಕ್ ಈ ಗೈರುಹಾಜರಾದ ವಸ್ತುವಿಗೆ ‘ವೈಟಮೀನ್’ ಅಂತ ಹೆಸರಿಟ್ಟ. 1926ರಲ್ಲಿ ಬಟಾವಿಯಾದ ಯಾನ್ಸೆನ್ ಮತ್ತು ಡೊನಾಟ್ ನೂರಾರು ಕೆಜಿ ತೌಡನ್ನು ಸೋಸಿ ಸೋಸಿ ಒಂದು ಚಿಟಿಕೆ ಹರಳು ತೆಗೆದರು. ಅದೇ ವಿಟಮಿನ್ ಬಿ1. ಮೂರು ವರ್ಷ ಬಿಟ್ಟು ಐಕ್‌ಮನ್‌ಗೆ ನೊಬೆಲ್ ಪಾಲು ಬಂತು. ತೌಡು ಕುಟ್ಟಿದ್ದು ವ್ಯರ್ಥವಾಗಲಿಲ್ಲ.

ಭಾರತದಲ್ಲೂ ಕಥೆ ಶುರುವಾಗಿದ್ದು ಬೆರಿಬೆರಿಯಿಂದಲೇ. 1918ರಲ್ಲಿ ಊಟಿ ಪಕ್ಕದ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಶುರು ಮಾಡಿದ ಬೆರಿಬೆರಿ ತನಿಖಾ ಘಟಕವೇ ಬೆಳೆದು ಇವತ್ತಿನ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಗಿದೆ. ಹತ್ತು ವರ್ಷದ ನಂತರ ಬಾಂಬೆಗೆ ಲೂಸಿ ವಿಲ್ಸ್ ಅನ್ನೋ ಬ್ರಿಟಿಷ್ ವೈದ್ಯೆ ಬಂದರು. ಬಟ್ಟೆ ಮಿಲ್ಲುಗಳ ಬಡ ಹೆಂಗಸರು ಬಸುರಿಯಾದಾಗ ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಅವರಿಗೆ ಮಾರ್ಮೈಟ್ ಅನ್ನೋ ಅಗ್ಗದ ಯೀಸ್ಟ್ ಸಾರ ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ ಅಂತ ಲೂಸಿ 1931ರಲ್ಲಿ ಬರೆದರು. ಮಾರ್ಮೈಟಿನಲ್ಲಿದ್ದ ಆ ವಸ್ತುವೇ ಫೋಲೇಟ್. ಅದರ ಕಾರ್ಖಾನೆ ರೂಪವಾದ ಫೋಲಿಕ್ ಆಸಿಡ್ಡನ್ನು 1945ರಲ್ಲಿ ತಯಾರಿಸಿದ ಅಮೆರಿಕದ ಲೆಡರ್ಲಿ ಕಂಪನಿಯ ತಂಡಕ್ಕೆ ಮುಖ್ಯಸ್ಥರಾಗಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1991ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಇನ್ನೊಂದು ಫಲಿತಾಂಶ ಕೊಟ್ಟಿತು. ಮೊದಲ ಮಗುವಿಗೆ ಬೆನ್ನುಹುರಿಯ ದೋಷ ಇದ್ದ ತಾಯಂದಿರು ಮತ್ತೆ ಗರ್ಭ ನಿಲ್ಲುವ ಮುಂಚಿನಿಂದಲೇ ಫೋಲಿಕ್ ಆಸಿಡ್ ತಗೊಂಡರೆ, ಮುಂದಿನ ಮಗುವಿಗೆ ಆ ದೋಷ ಬರುವ ಸಂಭವ ಶೇಕಡಾ 72ರಷ್ಟು ಕಡಿಮೆಯಾಗುತ್ತಿತ್ತು. ಮಾತ್ರೆ ಬೇಡವೇ ಬೇಡ ಅನ್ನುವವರು ಈ ಒಂದು ಅಂಕಿಯನ್ನು ಮರೆಯಬಾರದು.

ಇಲ್ಲಿವರೆಗಿನ ಎಲ್ಲ ಗೆಲುವುಗಳಲ್ಲೂ ಒಂದು ಸಮಾನ ಅಂಶ ಇದೆ ನೋಡಿ. ಮೊದಲು ಒಂದು ಕೊರತೆ ಇತ್ತು, ಅದನ್ನು ತುಂಬಿದರು, ಕಾಯಿಲೆ ಹೋಯಿತು. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದರೆ ಏನಾಗುತ್ತೆ ಅನ್ನೋದು ಬೇರೆಯೇ ಪ್ರಶ್ನೆ.

1930ರ ದಶಕದಲ್ಲಿ ವಿಟಮಿನ್ ಸಿ, ಬಿ1 ಎಲ್ಲ ಕಾರ್ಖಾನೆಯಲ್ಲೇ ತಯಾರಾಗತೊಡಗಿದವು. ಅಗ್ಗವಾದವು. ಔಷಧಿಗೆ ರೋಗಿ ಬೇಕು, ಆದರೆ ‘ಶಕ್ತಿ’ಗೆ ರೋಗಿ ಬೇಕಾಗಿಲ್ಲ, ಎಲ್ಲರೂ ಗಿರಾಕಿಗಳೇ. ಇದಕ್ಕೆ ದೊಡ್ಡ ಮುದ್ರೆ ಒತ್ತಿದವರು ಲೈನಸ್ ಪೌಲಿಂಗ್. ರಸಾಯನಶಾಸ್ತ್ರಕ್ಕೆ ಒಂದು, ಶಾಂತಿಗೆ ಒಂದು, ಎರಡು ನೊಬೆಲ್ ಪಡೆದ ಮನುಷ್ಯ. 1970ರಲ್ಲಿ ವಿಟಮಿನ್ ಸಿ ಮತ್ತು ನೆಗಡಿ ಬಗ್ಗೆ ಪುಸ್ತಕ ಬರೆದು, ದಿನಕ್ಕೆ ಒಂದು ಗ್ರಾಂ, ಅದಕ್ಕಿಂತಲೂ ಹೆಚ್ಚು ತಗೊಳ್ಳಿ ಅಂದರು. ಅಂಥವರು ಹೇಳಿದ ಮೇಲೆ ಯಾರು ಇಲ್ಲ ಅಂತಾರೆ? ಆಮೇಲಿನ ದಶಕಗಳ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದಾಗ ಸಿಕ್ಕಿದ್ದು ಇಷ್ಟು: ದಿನಾ ವಿಟಮಿನ್ ಸಿ ತಗೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರೋದು ಕಡಿಮೆಯಾಗಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಸುಮಾರು ಶೇಕಡಾ 8ರಷ್ಟು ಬೇಗ ಹೋಗುತ್ತೆ. ಮ್ಯಾರಥಾನ್ ಓಡುವವರು, ಹಿಮದಲ್ಲಿ ತರಬೇತಿ ಮಾಡುವ ಸೈನಿಕರಂಥವರಿಗೆ ಮಾತ್ರ ಸ್ವಲ್ಪ ನಿಜವಾದ ಲಾಭ ಕಂಡಿತು. ವಾರಾಂತ್ಯಕ್ಕೆ ಕಬ್ಬನ್ ಪಾರ್ಕಿನಲ್ಲಿ ಎರಡು ಸುತ್ತು ಓಡುವ ನಾವು ಆ ಪಟ್ಟಿಯಲ್ಲಿ ಬರಲ್ಲ.

ಈಗ ‘ನಷ್ಟ ಏನು’ ಅನ್ನೋ ಪ್ರಶ್ನೆ. ತರಕಾರಿ, ಹಣ್ಣು ಹೆಚ್ಚು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ, ಅವರ ರಕ್ತದಲ್ಲಿ ಬೀಟಾ ಕ್ಯಾರೊಟಿನ್ ಜಾಸ್ತಿ. ಹಾಗಾದರೆ ಅದನ್ನೇ ಮಾತ್ರೆ ಮಾಡಿ ಕೊಟ್ಟರೆ? ಕ್ಯಾರೆಟ್ಟಿಗೆ ಬಣ್ಣ ಕೊಡುವ ವಸ್ತು, ಅದರಿಂದೇನು ಹಾನಿ? ಫಿನ್‌ಲೆಂಡಿನಲ್ಲಿ ಸಿಗರೇಟ್ ಸೇದುವ 29,133 ಗಂಡಸರನ್ನು ಸೇರಿಸಿ ಪ್ರಯೋಗ ಮಾಡಿದರು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಶಾಕ್. ಬೀಟಾ ಕ್ಯಾರೊಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚು! ಆಕಸ್ಮಿಕ ಇರಬಹುದು ಅಂದುಕೊಳ್ಳುವಷ್ಟರಲ್ಲಿ ಅಮೆರಿಕದಲ್ಲಿ 18,314 ಧೂಮಪಾನಿಗಳು ಮತ್ತು ಕಲ್ನಾರಿನ ಕೆಲಸಗಾರರ ಮೇಲೆ ನಡೆಯುತ್ತಿದ್ದ ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಲ್ಲಿ ವಿಟಮಿನ್ ಎ ಕೂಡ ಸೇರಿಸಿ ಕೊಟ್ಟಿದ್ದರು. ಹೆಚ್ಚಳ ಶೇಕಡಾ 28. ತಟ್ಟೆಯಲ್ಲಿರುವ ಕ್ಯಾರೆಟ್ ಬೇರೆ, ಅದರಿಂದ ಒಂದೇ ಒಂದು ವಸ್ತುವನ್ನು ಹೆಕ್ಕಿ ಹತ್ತಾರು ಪಟ್ಟು ಮಾಡಿ ಕೊಡೋದು ಬೇರೆ ಅಂತ ಜನ ಪ್ರಾಣ ಕೊಟ್ಟು ಕಲಿತರು.

ಹಾಗಂತ ಸಾಮಾನ್ಯ ಮಲ್ಟಿವಿಟಮಿನ್ ಅಷ್ಟು ಅಪಾಯಕಾರಿ ಅಂತ ಹೆದರಿಸೋದು ಅನ್ಯಾಯ. ಅಮೆರಿಕದ 14,641 ವೈದ್ಯರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಪಾಲ್ಗೊಂಡ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಅವರಲ್ಲಿ ದಿನಾ ಮಲ್ಟಿವಿಟಮಿನ್ ತಗೊಂಡವರಲ್ಲಿ ಕ್ಯಾನ್ಸರ್ ಶೇಕಡಾ 8ರಷ್ಟು ಕಡಿಮೆ ಇತ್ತು. ಹೃದಯಕ್ಕೆ ಏನೂ ಉಪಯೋಗ ಕಾಣಲಿಲ್ಲ. ವಯಸ್ಸಾದವರ ನೆನಪಿನ ಶಕ್ತಿಗೆ ತುಸು ಸಹಾಯ ಆಗುತ್ತೆ ಅಂತ ಇತ್ತೀಚಿನ ಪ್ರಯೋಗಗಳು ಹೇಳುತ್ತವೆ. ಇನ್ನೊಂದು ಕಡೆ, 3,90,124 ಆರೋಗ್ಯವಂತ ಅಮೆರಿಕನ್ನರನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿ 2024ರಲ್ಲಿ ಪ್ರಕಟವಾದ ವರದಿಯಲ್ಲಿ ದಿನಾ ಮಾತ್ರೆ ತಗೊಳ್ಳುವವರು ಹೆಚ್ಚು ಕಾಲ ಬದುಕಿದ್ದು ಕಾಣಲಿಲ್ಲ. ಹೀಗೆ ಅಲ್ಲಿಷ್ಟು ಇಲ್ಲಿಷ್ಟು. ಚೆನ್ನಾಗಿ ಉಣ್ಣುವ ಮೂವತ್ತರ ಮನುಷ್ಯ ದುಡ್ಡು ಕೊಟ್ಟು ನಿರೀಕ್ಷಿಸುವಂಥ ಪವಾಡ ಯಾವುದರಲ್ಲೂ ಇಲ್ಲ.

ಹಾಗಾದರೆ ನಾವೇನು ಮಾಡಬೇಕು? ನಮ್ಮಲ್ಲಿ ನಿಜವಾದ ಕೊರತೆ ಎಲ್ಲಿದೆ ಅಂತ ನೋಡಿಕೊಳ್ಳಬೇಕು. ಬಿ12 ಸೊಪ್ಪು ತರಕಾರಿಯಲ್ಲಿ ಸಿಗಲ್ಲ. ಮಾಂಸ, ಮೀನು, ಮೊಟ್ಟೆ, ಸ್ವಲ್ಪ ಮಟ್ಟಿಗೆ ಹಾಲು ಮೊಸರಲ್ಲಿ ಸಿಗುತ್ತೆ. ಶುದ್ಧ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳುವ ಅಪ್ಪ ಅಮ್ಮಂದಿರು ಒಮ್ಮೆ ರಕ್ತ ಪರೀಕ್ಷೆ ಮಾಡಿಸೋದು ಒಳ್ಳೇದು. ಕೈಕಾಲು ಜೋಮು ಹಿಡಿದರೆ ವಯಸ್ಸಾಯ್ತು ಅಂತ ಸುಮ್ಮನಿರಬಾರದು, ಬಿ12 ಕೊರತೆ ನರಗಳನ್ನು ಶಾಶ್ವತವಾಗಿ ಕೆಡಿಸಬಹುದು. ಬೆಳಿಗ್ಗೆ ಕ್ಯಾಬ್ ಹತ್ತಿ ರಾತ್ರಿ ಇಳಿಯುವ ನಮ್ಮಂಥವರಿಗೆ ಬಿಸಿಲಿನ ವಿಟಮಿನ್ ಡಿ ಕಡಿಮೆ ಇರಬಹುದು. ಕಡಿಮೆ ಇದ್ದರೆ ವೈದ್ಯರು ಹೇಳಿದಷ್ಟು ತಗೊಳ್ಳಿ, ಇಲ್ಲದಿದ್ದರೆ ಬೇಡ. 25,871 ಅಮೆರಿಕನ್ನರ ಪ್ರಯೋಗದಲ್ಲಿ ದಿನಾ ಡಿ ಮಾತ್ರೆ ಕೊಟ್ಟರೂ ಹೃದಯಾಘಾತವಾಗಲೀ ಹೊಸ ಕ್ಯಾನ್ಸರ್ ಆಗಲೀ ಕಡಿಮೆಯಾಗಲಿಲ್ಲ. ಎ, ಡಿ ಎರಡೂ ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುವಂಥವು, ಅತಿಯಾದರೆ ವಿಷ. ಬಸುರಿಯರಿಗಂತೂ ವಿಟಮಿನ್ ಎ ಹೆಚ್ಚಾದರೆ ಮಗುವಿಗೇ ಅಪಾಯ. ಮಗು ಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳು ಫೋಲಿಕ್ ಆಸಿಡ್ ಬಗ್ಗೆ ಮೊದಲೇ ಡಾಕ್ಟರ್ ಹತ್ತಿರ ಮಾತಾಡಬೇಕು. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳೋದು ಗರ್ಭ ಕಟ್ಟಿದ ನಾಲ್ಕೇ ವಾರದಲ್ಲಿ. ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಆ ಕೆಲಸ ಎಷ್ಟೋ ಸಲ ಮುಗಿದೇ ಹೋಗಿರುತ್ತೆ.

ಇದಿಷ್ಟು ಬಿಟ್ಟರೆ, ಕೊರತೆ ಇಲ್ಲದವರು ದಿನಾ ಒಂದೊಂದು ಮಾತ್ರೆ ನುಂಗೋದು ಗಾದೆಯ ಅರ್ಥದಲ್ಲೇ ತೌಡು ಕುಟ್ಟೋದು. ತಿಂಗಳಿಗೆ ಡಬ್ಬಿಗೆ ಹಾಕುವ ದುಡ್ಡಿನಲ್ಲಿ ಒಂದು ಕಟ್ಟು ಹರಿವೆ ಸೊಪ್ಪು, ನಾಲ್ಕು ಪೇರಳೆ, ಒಂದಿಷ್ಟು ಹೆಸರುಕಾಳು ತಂದರೆ ಮನೆಯವರೆಲ್ಲ ಉಣ್ಣಬಹುದು. ಪಾಲಿಶ್ ಕಡಿಮೆ ಇರೋ ಅಕ್ಕಿ ಸಿಕ್ಕರೆ ಅದೂ ಒಂದೆರಡು ಕೆಜಿ ಇರಲಿ. ತೌಡು ಅದರಲ್ಲೇ ಇರುತ್ತೆ, ಯಾರೂ ಬೇರೆ ಕುಟ್ಟಬೇಕಾಗಿಲ್ಲ.