ಬಿಗಿಯುವ ಕೈ, ಬಿಡುವ ಕೈ: ಕೆಜಿಎಫ್–ಬಂಗಾರಪೇಟೆ ಸೀಮೆಯಲ್ಲಿ ಮುಂಗೈ ಬಲದ ವಿಚಾರ

ಗಣಿ ಕೆಲಸದವರ ಮನೆಯಲ್ಲಿ ಹುಟ್ಟಿದವರಿಗೆ ಕೈಬಲ ತಾನಾಗಿಯೇ ಬಂದಿರುತ್ತದೆ ಎಂಬ ಮಾತು ಕೋಲಾರ ಚಿನ್ನದ ಗಣಿ ಪ್ರದೇಶದ ಆಟದ ಬಯಲುಗಳಲ್ಲಿ ಕಿವಿಗೆ ಬೀಳುತ್ತದೆ. ಹಾಕಿ ಕೋಲು ಹಿಡಿದ ಹುಡುಗನಿಗೂ ಬ್ಯಾಡ್ಮಿಂಟನ್ ಆಡುವ ಹುಡುಗಿಗೂ ಹಿರಿಯರು ಹೇಳುವುದು ಒಂದೇ: ‘ಗಟ್ಟಿಯಾಗಿ ಹಿಡಿ’. ಮೈಕಟ್ಟು ವಂಶದಿಂದ ಬಂದೀತು. ದುಡಿದು ಗಳಿಸಿದ ಕೈಬಲ ಹಾಗೆ ಬಾರದು. ಆದರೂ ಗಣಿಯ ದುಡಿಮೆಯನ್ನು ಹತ್ತಿರದಿಂದ ನೋಡಿದರೆ ಹಿಡಿತದ ಬಗ್ಗೆ ಬಹಳಷ್ಟು ತಿಳಿಯುತ್ತದೆ. ಕೋಲು ಮತ್ತು ರ‍್ಯಾಕೆಟ್ ಆಟಗಳಿಗೆ ಬೇಕಾದ ಹಿಡಿತ ಹೊಡೆತದ ಕ್ಷಣಕ್ಕೆ ಬಿಗಿದು, ಮರುಕ್ಷಣ ಸಡಿಲವಾಗಬಲ್ಲ ಹಿಡಿತ ಎಂಬುದು ನನ್ನ ವಾದ. ಅದನ್ನು ಬೆಳೆಸುವ ಅಭ್ಯಾಸ ಬರಿಯ ಹಿಸುಕುವಿಕೆಯಿಂದ ಆಗುವುದಿಲ್ಲ.

ಜಾನ್ ಟೇಲರ್ ಮತ್ತು ಸನ್ಸ್ ಕಂಪನಿ 1880ರಲ್ಲಿ ಇಲ್ಲಿನ ಗಣಿಗಳ ಆಡಳಿತ ಹಿಡಿಯಿತು. ಆರಂಭದ ದಿನಗಳಲ್ಲಿ ಸಿಡಿಮದ್ದು ತುಂಬುವ ಕುಳಿಗಳನ್ನು ಕೊರೆಯುತ್ತಿದ್ದುದು ಸುತ್ತಿಗೆ ಮತ್ತು ಉಕ್ಕಿನ ಸಲಾಕೆಯಿಂದ. ಕೈಯಿಂದ ಕೊರೆಯುವ ಈ ವಿದ್ಯೆಯಲ್ಲಿ ಒಬ್ಬ ಸಲಾಕೆ ಹಿಡಿದರೆ ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯುತ್ತಾನೆ. ಹೊಡೆಯುವವನ ತೋಳು ಎಲ್ಲರ ಕಣ್ಣಿಗೂ ಬೀಳುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಹಿಡಿದವನ ಕೈ. ಪ್ರತಿ ಏಟಿನ ನಂತರ ಅವನು ಹಿಡಿತ ಸಡಿಲಿಸಿ, ಸಲಾಕೆಯನ್ನು ತುಸು ತಿರುಗಿಸಿ, ಮುಂದಿನ ಏಟು ಬೀಳುವುದರೊಳಗೆ ಮತ್ತೆ ಹಿಡಿಯಬೇಕು. ತಿರುಗಿಸದಿದ್ದರೆ ಸಲಾಕೆ ಬಂಡೆಯಲ್ಲಿ ಕಚ್ಚಿಕೊಳ್ಳುತ್ತದೆ. ಬಿಡು, ತಿರುಗಿಸು, ಹಿಡಿ. ಪಾಳಿ ಮುಗಿಯುವ ತನಕ ಇದೇ ಲಯ.

ಒತ್ತಡದ ಗಾಳಿಯಿಂದ ಓಡುವ ಕೊರೆಯಂತ್ರ ಬಂದಾಗ ಆ ಲಯ ಹೋಯಿತು. ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿಯ ಮೂಲಕ 1902ರಲ್ಲಿ ವಿದ್ಯುತ್ ಬಂತು, ಗಣಿಗಳು ಆಳಕ್ಕಿಳಿದವು, ಚಾಂಪಿಯನ್ ರೀಫ್ 3 ಕಿ.ಮೀ. ಮೀರಿತು. ಯಂತ್ರ ಹಿಡಿದವನ ಕೈಗೆ ಈಗ ಸಡಿಲಿಸುವ ಅವಕಾಶವಿಲ್ಲ. ಅದುರುವ ಹಿಡಿಕೆಯನ್ನು ಗಂಟೆಗಟ್ಟಲೆ ಅದುಮಿಯೇ ಇರಬೇಕು. ಇಂಥ ಯಂತ್ರ ಬಳಸುವ ಗಣಿಗಾರರ ಬೆರಳು ಬಿಳಚುವುದನ್ನು 1911ರಲ್ಲಿ ಇಟಲಿಯ ವೈದ್ಯ ಲೊರಿಗಾ ವರದಿ ಮಾಡಿದರು. 1918ರಲ್ಲಿ ಆಲಿಸ್ ಹ್ಯಾಮಿಲ್ಟನ್ ಅಮೆರಿಕದ ಇಂಡಿಯಾನಾದ ಕಲ್ಲುಕುಟಿಗರಲ್ಲಿ ಅದನ್ನೇ ಕಂಡರು. ಬೆರಳು ಬಿಳಚುವುದಕ್ಕೆ ಚಳಿ ಪ್ರಚೋದಕ. ಆದ್ದರಿಂದ ಸೆಕೆಯ ನಾಡುಗಳಲ್ಲಿ ಈ ಲಕ್ಷಣ ಅಪರೂಪ. ಅಲ್ಲಿ ಜೋಮು, ಬೆರಳ ತುದಿಯ ಸ್ಪರ್ಶ ಮಂದವಾಗುವುದು, ಹಿಡಿತ ಕುಗ್ಗುವುದು ಮುಂದೆ ನಿಲ್ಲುತ್ತವೆ. ಬಂಡೆಯೇ 60 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುವ ಆಳದಲ್ಲಿ ದುಡಿದವರ ಕೈಯನ್ನು ಬಿಳಿಬೆರಳಿನಿಂದಲೇ ಅಳೆಯಹೊರಟರೆ ಆ ಕೈಗಳಿಗೆ ಅನ್ಯಾಯವಾಗುತ್ತದೆ. ಸದಾ ಬಿಗಿದಿಟ್ಟ ಕೈ ಬಲಿಯುವ ಬದಲು ಸವೆಯಬಹುದು ಎಂಬುದಕ್ಕೆ ಇದಕ್ಕಿಂತ ಕಠೋರ ನಿದರ್ಶನ ಬೇಕಿಲ್ಲ.

ಹಿಡಿತ ಹುಟ್ಟುವುದೆಲ್ಲಿ? ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಇರುವುದು ಮುಂಗೈಯ ಒಳಬದಿಯಲ್ಲಿ. ಅವುಗಳ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳಿಗೆ ಬರುತ್ತವೆ. ಅವು ಎಳೆದಾಗ ಮಣಿಕಟ್ಟೂ ಒಳಕ್ಕೆ ಬಾಗಬೇಕು. ಹಾಗಾಗದಂತೆ ತಡೆಯುವುದು ಮುಂಗೈಯ ಹೊರಬದಿಯ, ಮಣಿಕಟ್ಟನ್ನು ಹಿಂದಕ್ಕೆತ್ತುವ ಸ್ನಾಯುಗಳು. ಓದುಗರು ಈಗಲೇ ಪರೀಕ್ಷಿಸಬಹುದು: ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿ ಮುಷ್ಟಿ ಬಿಗಿಯಿರಿ, ಬಲ ಸೋರಿಹೋಗುತ್ತದೆ. ತುಸು ಹಿಂದಕ್ಕೆತ್ತಿದರೆ ಮರಳಿ ಬರುತ್ತದೆ. ಹಾಗಾಗಿ ಪ್ರತಿ ಹಿಡಿತವೂ ಹೊರಬದಿಯ ಸ್ನಾಯುಗಳಿಗೂ ದುಡಿಮೆ. ‘ಟೆನಿಸ್ ಎಲ್ಬೋ’ ನೋವು ಮೊಣಕೈಯ ಹೊರಮಗ್ಗುಲಲ್ಲಿ ಕಾಣಿಸುವುದು ಇದರಿಂದಲೇ.

ಹವ್ಯಾಸಿ ಆಟಗಾರರಿಗೆ ಈ ನೋವು ಹೆಚ್ಚೇಕೆ? ತೈವಾನಿನ ವೈ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಬ್ಯಾಕ್‌ಹ್ಯಾಂಡ್ ಹೊಡೆತದಲ್ಲಿ ರ‍್ಯಾಕೆಟ್ಟಿಗೆ ಬಿದ್ದ ಆಘಾತದ ಸುಮಾರು ಶೇಕಡಾ 89 ಭಾಗವನ್ನು ನುರಿತವರು ಮೊಣಕೈ ತಲುಪುವ ಮೊದಲೇ ತಗ್ಗಿಸಿದ್ದರು. ಹವ್ಯಾಸಿಗಳು ಸುಮಾರು 62. ಹವ್ಯಾಸಿಗಳ ಮುಂಗೈ ಸ್ನಾಯುಗಳು ಚೆಂಡು ಹೋದ ಮೇಲೂ ಬಿಗಿದೇ ಇದ್ದವು. ಹಿಡಿಕೆಯ ದಪ್ಪ ಬದಲಿಸಿದರೆ ಸಾಕು ಎಂಬ ಸಲಹೆ ಅಂಗಡಿಗಳಲ್ಲಿ ಸಿಗುತ್ತದೆ. ಅದೇ 2006ರಲ್ಲಿ ಹ್ಯಾಚ್ ಮತ್ತು ಸಂಗಡಿಗರು ಕಾಲು ಅಂಗುಲ ಹೆಚ್ಚು ಕಡಿಮೆ ಮಾಡಿ ನೋಡಿದಾಗ ಸ್ನಾಯುಗಳ ಕೆಲಸದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಬಿಡುವ ವಿದ್ಯೆಯನ್ನು ಈ ಊರು ತನ್ನದೇ ಕೋಲಿನಿಂದ ಕಲಿಯಬಲ್ಲದು. ತಮಿಳು ಕಾರ್ಮಿಕ ಕುಟುಂಬಗಳೊಡನೆ ಬಂದ ಸಿಲಂಬಂ ನಮ್ಮ ದೊಣ್ಣೆವರಸೆಯ ಒಡಹುಟ್ಟಿದ ವಿದ್ಯೆ. ಕೋಲು ಸುತ್ತುವಾಗ ಹೆಬ್ಬೆರಳು, ತೋರುಬೆರಳುಗಳ ನಡುವೆ ಕೋಲು ತಿರುಗುತ್ತದೆ. ಉಳಿದ ಬೆರಳುಗಳು ತೆರೆದು ಮುಚ್ಚುತ್ತವೆ. ಏಟು ತಾಗುವಾಗ ಮಾತ್ರ ಐದೂ ಕೂಡುತ್ತವೆ. ಹಾಕಿಯಲ್ಲಿಯೂ ಹಾಗೆ. ಚೆಂಡನ್ನು ಎಡಬಲ ಹೊರಳಿಸುವಾಗ ಕೋಲನ್ನು ತಿರುಗಿಸುವುದು ಮೇಲಿನ ಎಡಗೈ. ಕೆಳಗಿನ ಬಲಗೈ ಬಳೆಯಂತೆ ಸುತ್ತುವರಿದಿರುತ್ತದೆ, ಕೋಲು ಅದರೊಳಗೆ ತಿರುಗುತ್ತದೆ. ಬಲಗೈ ಬಿಗಿದರೆ ಚೆಂಡು ಸಿಕ್ಕಿಬೀಳುತ್ತದೆ. ನೂರು ಗ್ರಾಮೂ ತೂಗದ ಬ್ಯಾಡ್ಮಿಂಟನ್ ರ‍್ಯಾಕೆಟ್ಟಿಗಂತೂ ‘ಗಟ್ಟಿಯಾಗಿ ಹಿಡಿ’ ಎಂಬ ಬುದ್ಧಿಮಾತು ಕೇಡು. ಸ್ಮ್ಯಾಶಿನ ವೇಗದ ದೊಡ್ಡ ಪಾಲು ಬರುವುದು ತೋಳು, ಮುಂಗೈಗಳ ಒಳತಿರುವಿನಿಂದ. ಮೊದಲೇ ಬಿಗಿದ ಮುಂಗೈ ಆ ತಿರುವಿಗೆ ತಾನೇ ಅಡ್ಡ ನಿಲ್ಲುತ್ತದೆ.

ಅಭ್ಯಾಸದ ವಿಷಯಕ್ಕೆ ಬಂದರೆ, ಮರಿಕುಪ್ಪಂ–ಬಂಗಾರಪೇಟೆ ಮಾರ್ಗದ ರೈಲಿನಲ್ಲಿ ದಿನವೂ ಬೆಂಗಳೂರಿಗೆ ಹೋಗಿಬರುವ ತರುಣರಿಗೆ ವ್ಯಾಯಾಮಶಾಲೆಗೆ ಹೊತ್ತೆಲ್ಲಿದೆ? 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಬೆಂಗಳೂರಿನ ದಾರಿ ಹಿಡಿದ ಕುಟುಂಬಗಳು ಅನೇಕ. ಅವರಿಗೆ ಮನೆಯ ಸಾಮಾನಿನಲ್ಲೇ, ಹದಿನೈದು ನಿಮಿಷದಲ್ಲಿ ಮುಗಿಯುವ ಕ್ರಮ ಬೇಕು.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಸುತ್ತಿಗೆ. ಒಂದು ಕಿಲೋ ಸುತ್ತಿಗೆಯ ಹಿಡಿಯನ್ನು ತುದಿಯಲ್ಲಿ ಹಿಡಿದು, ಮುಂಗೈಯನ್ನು ಮೇಜಿನ ಮೇಲೂರಿ, ನಿಧಾನವಾಗಿ ಎಡಕ್ಕೂ ಬಲಕ್ಕೂ ಹೊರಳಿಸುವುದು. ಹತ್ತು ಬಾರಿ, ಮೂರು ಸುತ್ತು. ಭಾರವೆನಿಸಿದರೆ ಕೈಯನ್ನು ಸುತ್ತಿಗೆಯ ತಲೆಯತ್ತ ಸರಿಸಿದರಾಯಿತು, ಬೇರೆ ತೂಕ ಕೊಳ್ಳಬೇಕಿಲ್ಲ. ಎರಡನೆಯದು ಒದ್ದೆ ಟವೆಲ್ ಹಿಂಡುವುದು. ಟೈಲರ್ ಮತ್ತು ಸಂಗಡಿಗರು 2010ರಲ್ಲಿ, ತಿರುಚಿದ ರಬ್ಬರ್ ಕೋಲನ್ನು ನೋವಿರುವ ಕೈಯಿಂದ ಮೆಲ್ಲನೆ ಬಿಚ್ಚಿಕೊಳ್ಳಲು ಬಿಡುವ ಅಭ್ಯಾಸ ಟೆನಿಸ್ ಎಲ್ಬೋ ನೋವನ್ನು ತಗ್ಗಿಸುತ್ತದೆಂದು ತೋರಿಸಿದರು. ಅವರ ಕ್ರಮ ದಿನಕ್ಕೆ 15ರ ಮೂರು ಸುತ್ತು. ಟವೆಲ್ಲು ರಬ್ಬರಿನಂತೆ ತಾನಾಗಿ ಹಿಂತಿರುಗದು. ಆದರೂ ಹಿಂಡುವಷ್ಟೇ ಗಮನವಿಟ್ಟು, ಎರಡು ಕೈಗಳೂ ಒಂದಕ್ಕೊಂದು ತಡೆಯೊಡ್ಡುತ್ತ ಬಿಚ್ಚಿದರೆ ಹೊರಬದಿಯ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ತಾಳಿಕೆಗೆ ನೀರು ತುಂಬಿದ ಬಿಂದಿಗೆಗಳೇ ಸಾಕು: ಎರಡು ಕೈಯಲ್ಲೂ ಬೆರಳ ಹಿಡಿತದಲ್ಲಿ ಜೋತು ಹಿಡಿದು ಮೂವತ್ತು ಹೆಜ್ಜೆ. ನೀರಿಗೆ ಬರಗೆಟ್ಟ ಕೋಲಾರ ಜಿಲ್ಲೆಯ ಹೆಂಗಸರು ಇದನ್ನು ಹೇಳಿಸಿಕೊಂಡು ಕಲಿತವರಲ್ಲ. ಅವರ ಮುಂಗೈಯ ತಾಳಿಕೆಯನ್ನು ಯಾವ ತರಬೇತುದಾರನೂ ಗೌರವದಿಂದಲೇ ನೋಡಬೇಕು.

ಬಿಡುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು. ಐದೂ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಹೊರಕ್ಕೆ ಅರಳಿಸುವುದು, ಹದಿನೈದು ಬಾರಿ. ಆಮೇಲೆ ಆಡುವ ಕೋಲನ್ನೇ ಹಿಡಿದು, ಜೊತೆಗಾರ ಚಪ್ಪಾಳೆ ತಟ್ಟಿದಾಗ ಮಾತ್ರ ಒಂದು ಕ್ಷಣ ಬಿಗಿದು ಬಿಡುವುದು. ಚಪ್ಪಾಳೆಯ ಅಂತರ ಒಂದೇ ಸಮನಿರಬಾರದು. ಭಾರದ ಅಭ್ಯಾಸಗಳು ವಾರಕ್ಕೆ ಎರಡು ದಿನ, ಆಟ ಮುಗಿದ ಮೇಲೆ; ದಣಿದ ಮುಂಗೈಯಿಂದ ಆಡಿದರೆ ಮಣಿಕಟ್ಟು ಕುಸಿಯುತ್ತದೆ. ಸ್ನಾಯುರಜ್ಜು ಸ್ನಾಯುವಿಗಿಂತ ನಿಧಾನವಾಗಿ ಗಟ್ಟಿಯಾಗುವುದರಿಂದ, ಕೈಯಲ್ಲಿ ಬಲ ಬಂದಂತೆನಿಸಿದರೂ ಭಾರ ಏರಿಸಲು ಅವಸರ ಬೇಡ. ಬೆಳಿಗ್ಗೆ ಲೋಟ ಎತ್ತುವಾಗ ಮೊಣಕೈಯ ಹೊರಗೆ ಚುಚ್ಚಿದರೆ ಆ ವಾರದ ಭಾರ ಇಳಿಸಬೇಕು.

ಅಳೆಯುವುದಕ್ಕೆ ಹಿಡಿತಮಾಪಕ ಇದ್ದರೆ ಕುಳಿತು, ಮೊಣಕೈ 90 ಡಿಗ್ರಿ ಮಡಿಸಿ, ಮೂರು ಬಾರಿ ಹಿಡಿದು ಸರಾಸರಿ ತೆಗೆಯುವುದು ರೂಢಿಯ ಕ್ರಮ. ಆಟಗಾರರಿಗೆ ಅದಕ್ಕೆ ಇನ್ನೊಂದನ್ನು ಸೇರಿಸಬೇಕೆಂದು ನನ್ನ ಸಲಹೆ: ಹತ್ತು ಬಾರಿ ಬಿಗಿದು ಬಿಡಿಸಿ, ಮೊದಲನೆಯದಕ್ಕೂ ಹತ್ತನೆಯದಕ್ಕೂ ಎಷ್ಟು ಕಿಲೋ ಇಳಿಯಿತೆಂದು, ಪ್ರತಿ ಬಾರಿಯೂ ಬೆರಳು ಪೂರ್ತಿ ತೆರೆದುಕೊಂಡಿತೇ ಎಂದು ಬರೆದಿಡುವುದು. ಮಾಪಕವಿಲ್ಲದ ಶಾಲೆಯಲ್ಲಿ ಕಬ್ಬಿಣದ ಅಡ್ಡಪಟ್ಟಿಗೆ ಜೋತುಬಿದ್ದ ಸೆಕೆಂಡುಗಳನ್ನು ಎಣಿಸಿ, ಇಳಿದ ಕೂಡಲೇ ಕೋಲು ಕೊಟ್ಟು ಹತ್ತು ಸುತ್ತು ತಿರುಗಿಸಲು ಹೇಳಿದರೆ ಎರಡೂ ಗುಣ ಒಟ್ಟಿಗೇ ಕಾಣುತ್ತವೆ.