ಗುಮಾಸ್ತನ ಲೇಖನಿ

ಚಿನ್ನದ ನಿಬ್ಬು ಶಾಯಿಯ ಆಮ್ಲಕ್ಕೆ ಜಗ್ಗದು. ಉಕ್ಕಾದರೋ ತುಕ್ಕು ಹಿಡಿಯುತ್ತದೆ. ಆದುದರಿಂದ ಬಾಳಿಕೆಯ ಫೌಂಟನ್ ಪೆನ್ನು ಗುಮಾಸ್ತನಿಗೂ ವಿದ್ಯಾರ್ಥಿಗೂ ಬಹುಕಾಲ ದುಬಾರಿಯ ವಸ್ತುವಾಗಿಯೇ ಉಳಿದಿತ್ತು. 1858ರಲ್ಲಿ ಸ್ಥಾಪಿತವಾದ ಅಮೆರಿಕದ ಎಸ್ಟರ್‌ಬ್ರೂಕ್ ಸಂಸ್ಥೆಯು ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು: ಕೆಟ್ಟ ನಿಬ್ಬನ್ನು ತಿರುಗಿಸಿ ತೆಗೆದು ಹೊಸದನ್ನು ಕೂಡಿಸುವುದು. ಒಡಲು ಅದೇ, ಮೊನೆ ಬೇರೆ. ಸಾಮಾನ್ಯ ಬರವಣಿಗೆಗೆ 2668, ಲೆಕ್ಕಪತ್ರದ ಸಣ್ಣ ಅಕ್ಷರಕ್ಕೆ 1554, ಗ್ರೆಗ್ ಶೀಘ್ರಲಿಪಿಗೆ 1555. ಇವುಗಳ ತುದಿ ಬರಿಯ ಉಕ್ಕು, ಬೇಗ ಸವೆಯುವಂಥದು. ಗಟ್ಟಿ ಲೋಹದ ತುದಿಯುಳ್ಳ 9668ಕ್ಕೆ ಬೆಲೆ ಹೆಚ್ಚು. ಪುಟಗಟ್ಟಲೆ ಪ್ರತಿಮಾಡುವವರಿಗೆ ಆ ಹೆಚ್ಚುವರಿ ಕಾಸು ವ್ಯರ್ಥವಲ್ಲ. ಚಿನ್ನದ ನಿಬ್ಬಿನ ಮೆದುತನ ಇದಕ್ಕಿಲ್ಲ, ನಿಜ. ಆದರೆ ನೆಲಕ್ಕೆ ಬಿದ್ದು ಮೊನೆ ಬಾಗಿದ ಪೆನ್ನು ಅದೇ ದಿನ ಮತ್ತೆ ಬರೆಯತೊಡಗುತ್ತಿತ್ತು.