ಹೇಳದೆ ಉಳಿದ ಮಾತು: ಜೆರ್ರಿ ಆಡಮ್ಸ್ ಅವರ ‘ಬಿಫೋರ್ ದಿ ಡಾನ್’ ಆತ್ಮಕಥೆಯ ಒಂದು ಓದು

1972ರ ಜೂನ್ ತಿಂಗಳಲ್ಲಿ ಬ್ರಿಟಿಷ್ ಸರ್ಕಾರವು ಉತ್ತರ ಐರ್ಲೆಂಡಿನ ಲಾಂಗ್ ಕೆಶ್ ಬಂದಿಖಾನೆಯಿಂದ ಇಪ್ಪತ್ಮೂರು ವರ್ಷದ ತರುಣನೊಬ್ಬನನ್ನು ಬಿಡುಗಡೆ ಮಾಡಿತು. ವಿಚಾರಣೆಯಿಲ್ಲದೆ ಅವನನ್ನು ಕೂಡಿಹಾಕಿ ಆಗ ಮೂರು ತಿಂಗಳಾಗಿತ್ತು. ಹಿಂದೆ ಅವನು ಬೆಲ್‌ಫಾಸ್ಟಿನ ಡ್ಯೂಕ್ ಆಫ್ ಯಾರ್ಕ್ ಎಂಬ ಪಬ್ಬಿನಲ್ಲಿ ಗಿರಾಕಿಗಳಿಗೆ ಮದ್ಯ ಕೊಡುವ ಕೆಲಸದಲ್ಲಿದ್ದವನು. ಜೂನ್ 20ರಂದು ಅವನು ಡಾನೆಗಾಲ್ ಗಡಿಯ ಹತ್ತಿರದ ಮನೆಯೊಂದರಲ್ಲಿ ಬ್ರಿಟಿಷ್ ಅಧಿಕಾರಿಗಳೊಡನೆ ಕದನವಿರಾಮದ ಷರತ್ತುಗಳನ್ನು ಚರ್ಚಿಸಿದ. ಜುಲೈ 7ರಂದು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐರಿಷ್ ರಿಪಬ್ಲಿಕನ್ ಆರ್ಮಿಯ (ಐಆರ್‌ಎ) ನಿಯೋಗದ ಆರು ಮಂದಿಯಲ್ಲಿ ಒಬ್ಬನಾಗಿ, ಬ್ರಿಟಿಷ್ ವಾಯುಪಡೆಯ ವಿಮಾನದಲ್ಲೇ ಲಂಡನ್ನಿಗೆ ಹೋಗಿ, ಚೆಲ್ಸಿಯ ಚೇನಿ ವಾಕ್ ಬೀದಿಯ ಮನೆಯೊಂದರಲ್ಲಿ ಸಚಿವ ವಿಲಿಯಂ ವೈಟ್‌ಲಾ ಅವರೆದುರು ಕುಳಿತ.

ಆ ತರುಣ ಜೆರ್ರಿ ಆಡಮ್ಸ್. 1983ರಿಂದ 2018ರವರೆಗೆ ಐರಿಷ್ ಗಣತಂತ್ರವಾದಿಗಳ ಶಿನ್ ಫೇನ್ ಪಕ್ಷದ ಅಧ್ಯಕ್ಷರಾಗಿದ್ದವರು. ತಾವು ಎಂದೂ ಐಆರ್‌ಎ ಸದಸ್ಯರಾಗಿರಲಿಲ್ಲ ಎಂದು ಉದ್ದಕ್ಕೂ ಹೇಳುತ್ತ ಬಂದವರು. 1996ರಲ್ಲಿ ಪ್ರಕಟವಾದ ಅವರ ಆತ್ಮಕಥೆ ‘ಬಿಫೋರ್ ದಿ ಡಾನ್’ ಈ ಲಂಡನ್ ಪ್ರಯಾಣವನ್ನು ಮರೆಮಾಚುವುದಿಲ್ಲ. ಆದರೆ ನೂರಾರು ಹುಡುಗರ ನಡುವೆ ಇವರೊಬ್ಬರನ್ನೇ ಸೆರೆಯಿಂದ ಕಳಿಸಬೇಕೆಂದು ಐಆರ್‌ಎ ಏಕೆ ಪಟ್ಟುಹಿಡಿಯಿತು ಎಂಬ ಪ್ರಶ್ನೆಗೆ ಓದುಗ ತಾನೇ ಉತ್ತರ ಹುಡುಕಿಕೊಳ್ಳಬೇಕು.

ಪುಸ್ತಕ ಬಂದಂದಿನಿಂದ ವಿಮರ್ಶಕರು ಈ ಜಾಗದಲ್ಲೇ ನಿಂತಿದ್ದಾರೆ. ಸುಳ್ಳು ಹೇಳುವ ಆತ್ಮಕಥೆ ಎಂದು ಕೆಲವರು ಅದನ್ನು ಬದಿಗಿಟ್ಟರು. ರಾಜಕೀಯ ಅನಿವಾರ್ಯತೆಯೆಂದು ಕೆಲವರು ಸಮರ್ಥಿಸಿದರು. ಎರಡೂ ಬಣಗಳು ಆ ಮೌನವನ್ನು ಪುಸ್ತಕದ ಹೊರಗಿನ ಸಂಗತಿಯಾಗಿ ನೋಡಿದವು ಎಂಬುದು ನನ್ನ ತಕರಾರು. ಮೌನ ಇಲ್ಲಿ ಕಟ್ಟಡದ ಅಸ್ತಿಭಾರದಲ್ಲೇ ಇದೆ. ಯಾವ ಅಧ್ಯಾಯ ಉದ್ದವಾಗಬೇಕು, ಎಲ್ಲಿ ‘ನಾನು’ ಹೋಗಿ ‘ನಾವು’ ಬರಬೇಕು, ಎಲ್ಲಿ ನೆನಪು ಕತೆಯಾಗಬೇಕು ಎಂಬುದನ್ನೆಲ್ಲ ಅದೇ ತೀರ್ಮಾನಿಸಿದೆ. ಆ ಮೌನದ ಬೆಲೆ ತೆತ್ತವರು ಲೇಖಕರಲ್ಲ, ಬೇರೆಯವರು. ಅದನ್ನೂ ಪುಸ್ತಕದ ಲೆಕ್ಕಕ್ಕೇ ಹಾಕಬೇಕಾಗುತ್ತದೆ.

ಐರಿಷ್ ಗಣತಂತ್ರವಾದಿಗಳಲ್ಲಿ ಆತ್ಮಕಥನದ ಪರಂಪರೆ ದೊಡ್ಡದು. ಜಾನ್ ಮಿಚೆಲ್ ಅವರ ‘ಜೈಲ್ ಜರ್ನಲ್’ 1854ರಷ್ಟು ಹಳೆಯದು. ಇಪ್ಪತ್ತನೆಯ ಶತಮಾನದ ಸ್ವಾತಂತ್ರ್ಯಯುದ್ಧ ಮುಗಿದ ಮೇಲಂತೂ ಹೋರಾಟಗಾರರು ಬಾಯಿಬಿಟ್ಟು ಬರೆದರು. 1919ರ ಜನವರಿ 21ರಂದು ಸೊಲೊಹೆಡ್‌ಬೆಗ್‌ನಲ್ಲಿ ಇಬ್ಬರು ಪೊಲೀಸರನ್ನು ಕೊಂದ ತಂಡದಲ್ಲಿದ್ದ ಡ್ಯಾನ್ ಬ್ರೀನ್, ಐದೇ ವರ್ಷದಲ್ಲಿ ‘ಮೈ ಫೈಟ್ ಫಾರ್ ಐರಿಷ್ ಫ್ರೀಡಂ’ ಪ್ರಕಟಿಸಿ ಅದನ್ನು ಹೆಮ್ಮೆಯಿಂದಲೇ ಹೇಳಿಕೊಂಡರು. ಆ ಪುಸ್ತಕ ನಮ್ಮ ದೇಶದ ಕ್ರಾಂತಿಕಾರಿಗಳ ಕೈಗೂ ಬಂತು. 1930ರ ಏಪ್ರಿಲ್ 18ರಂದು, ಗುಡ್ ಫ್ರೈಡೇ ದಿನವನ್ನೇ ಆರಿಸಿಕೊಂಡು ಚಿತ್ತಗಾಂಗಿನ ಶಸ್ತ್ರಾಗಾರಕ್ಕೆ ನುಗ್ಗಿದ ಸೂರ್ಯ ಸೇನ್ ಬಳಗ ತನ್ನನ್ನು ಇಂಡಿಯನ್ ರಿಪಬ್ಲಿಕನ್ ಆರ್ಮಿ ಎಂದು ಕರೆದುಕೊಂಡದ್ದು ಡಬ್ಲಿನ್ನಿನ 1916ರ ಈಸ್ಟರ್ ದಂಗೆಯನ್ನು ನೆನೆದೇ.

ಅರ್ನಿ ಓ’ಮ್ಯಾಲಿ ಬ್ರೀನ್‌ಗಿಂತ ದೊಡ್ಡ ಬರಹಗಾರ. 1936ರ ‘ಆನ್ ಅನದರ್ ಮ್ಯಾನ್ಸ್ ವೂಂಡ್’ ಕೃತಿಯಲ್ಲಿ, ಸೆರೆಸಿಕ್ಕ ಮೂವರು ಬ್ರಿಟಿಷ್ ಅಧಿಕಾರಿಗಳನ್ನು ತಮ್ಮ ಆಜ್ಞೆಯಂತೆ ಗುಂಡಿಟ್ಟು ಕೊಂದ ಬೆಳಗನ್ನು ಅವರು ಬಣ್ಣಿಸಿದ ರೀತಿ ಓದುಗನನ್ನು ಸುಮ್ಮನೆ ಬಿಡುವುದಿಲ್ಲ. ಆ ಕೊಲೆಗಳಿಗಾಗಿ ಯಾರೂ ಅವರನ್ನು ನ್ಯಾಯಾಲಯಕ್ಕೆ ಎಳೆಯಲಿಲ್ಲ. ತನಗೆ ಅಪಮಾನವಾಯಿತೆಂದು ಒಬ್ಬ ಹಳೆಯ ಸಹಚರ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಮಾತ್ರ ಅವರು ಸೋತರು! ಕೊಂದದ್ದನ್ನು ಹೇಳಿಕೊಳ್ಳುವ ಸ್ವಾತಂತ್ರ್ಯ ಗೆದ್ದ ಪಕ್ಷಕ್ಕೆ ಸಿಗುವ ಸವಲತ್ತು. ಡಬ್ಲಿನ್ ಸರ್ಕಾರವೂ ಈ ಸೂಕ್ಷ್ಮವನ್ನು ಬಲ್ಲುದಾಗಿತ್ತು. 1947ರಲ್ಲಿ ಅದು ಸ್ಥಾಪಿಸಿದ ಬ್ಯೂರೋ ಆಫ್ ಮಿಲಿಟರಿ ಹಿಸ್ಟರಿ ಹತ್ತು ವರ್ಷಗಳಲ್ಲಿ 1,773 ಸಾಕ್ಷ್ಯಗಳನ್ನು ಬರೆಸಿಕೊಂಡು ಬೀಗ ಹಾಕಿತು; ಬೀಗ ತೆರೆದದ್ದು 2003ರಲ್ಲಿ, ಸಾಕ್ಷಿಗಳೆಲ್ಲ ತೀರಿಕೊಂಡ ಮೇಲೆ.

ಆಡಮ್ಸ್ ಬರೆಯಲು ಕುಳಿತಾಗ ಅವರ ಪಕ್ಷ ಗೆದ್ದಿರಲಿಲ್ಲ, ಯುದ್ಧವೂ ಮುಗಿದಿರಲಿಲ್ಲ. 1994ರ ಆಗಸ್ಟ್ 31ರ ಕದನವಿರಾಮ 1996ರ ಫೆಬ್ರವರಿ 9ರಂದು ಲಂಡನ್ನಿನ ಡಾಕ್‌ಲ್ಯಾಂಡ್ಸ್ ಬಾಂಬಿನೊಂದಿಗೆ ಮುರಿದುಬಿದ್ದಿತ್ತು. ಅದು ಮತ್ತೆ ಜಾರಿಗೆ ಬಂದದ್ದು 1997ರ ಜುಲೈನಲ್ಲಿ. ಪುಸ್ತಕ ಹೊರಬಂದದ್ದು ಸರಿಯಾಗಿ ಈ ಎರಡರ ನಡುವೆ. ಐಆರ್‌ಎ ಸದಸ್ಯತ್ವ ಐರ್ಲೆಂಡಿನ ಎರಡೂ ಭಾಗಗಳಲ್ಲಿ ಶಿಕ್ಷಾರ್ಹ ಅಪರಾಧ. 1978ರಲ್ಲೇ ಅವರ ಮೇಲೆ ಆ ಆರೋಪ ಹೊರಿಸಿ, ಸಾಕ್ಷ್ಯ ಸಾಲದೆ ಕೈಬಿಡಲಾಗಿತ್ತು. ಒಂದು ವಾಕ್ಯದ ತಪ್ಪೊಪ್ಪಿಗೆ ಲೇಖಕರನ್ನು ಸೆರೆಮನೆಗೂ ಸಂಧಾನವನ್ನು ಮೂಲೆಗೂ ತಳ್ಳಬಹುದಾಗಿತ್ತು. ಜೊತೆಗೆ, ಈ ಮನುಷ್ಯನ ದನಿಯನ್ನೇ ಪ್ರಭುತ್ವ ಆಗಷ್ಟೇ ನಿಷೇಧದಿಂದ ಬಿಡುಗಡೆ ಮಾಡಿತ್ತು. 1988ರ ಅಕ್ಟೋಬರ್‌ನಿಂದ 1994ರ ಸೆಪ್ಟೆಂಬರ್‌ವರೆಗೆ ಬ್ರಿಟಿಷ್ ಟಿವಿಯಲ್ಲಿ ಆಡಮ್ಸ್ ಮುಖ ಕಾಣುತ್ತಿತ್ತು, ಮಾತು ಮಾತ್ರ ಬಾಡಿಗೆ ನಟನದು. ಡಬ್ಲಿನ್ನಿನ ಪ್ರಸಾರ ಸಂಸ್ಥೆ ಆರ್‌ಟಿಇ ಅವರ ಕಥಾಸಂಕಲನದ ರೇಡಿಯೋ ಜಾಹೀರಾತನ್ನೂ ಪ್ರಸಾರ ಮಾಡಲಿಲ್ಲ. ಹೈಕೋರ್ಟಿಗೆ ಹೋದ ಪ್ರಕಾಶಕರು ಸೋತರು. ಮಾತನಾಡಲು ಬಿಡದೆ ಇದ್ದ ಪ್ರಭುತ್ವ, ಈಗ ಎಲ್ಲವನ್ನೂ ಹೇಳು ಎಂದು ಕೇಳುವುದರಲ್ಲಿ ಒಂದು ವಿಪರ್ಯಾಸವಿದೆ.

ಹಾಗಾದರೆ ಈ ಪುಸ್ತಕ ಏನನ್ನು ತುಂಬು ಮನಸ್ಸಿನಿಂದ ಹೇಳುತ್ತದೆ? ಬಾಲ್ಯವನ್ನು. ಹತ್ತು ಮಕ್ಕಳಲ್ಲಿ ಹಿರಿಯನ ಕಣ್ಣಿಗೆ ಬಿದ್ದ ಫಾಲ್ಸ್ ರಸ್ತೆ, ಗಿರಣಿಗೆ ಹೋಗಿಬರುವ ಹೆಂಗಸರು, ಇಕ್ಕಟ್ಟಾದ ಅಜ್ಜಿಮನೆ, ಬೆಟ್ಟದ ಬುಡದ ಬ್ಯಾಲಿಮರ್ಫಿ ಬಡಾವಣೆ ಇವೆಲ್ಲ ಬರುವಾಗ ಬರವಣಿಗೆಗೆ ತಂತಾನೇ ಬೀಸು ಬರುತ್ತದೆ. 1964ರ ಡಿವಿಸ್ ಬೀದಿಯ ಗಲಭೆಯ ಪ್ರಸಂಗವಂತೂ ಇಡೀ ಕೃತಿಯ ಕೀಲಿಕೈ. ಗಣತಂತ್ರವಾದಿಗಳ ಚುನಾವಣಾ ಕಚೇರಿಯ ಕಿಟಕಿಯಲ್ಲಿ ಐರ್ಲೆಂಡಿನ ತ್ರಿವರ್ಣ ಧ್ವಜ ಕಂಡಿತೆಂದು ಪ್ರಾಟೆಸ್ಟಂಟ್ ಪಾದ್ರಿ ಇಯಾನ್ ಪೈಸ್ಲಿ ಮೆರವಣಿಗೆಯ ಬೆದರಿಕೆ ಹಾಕುತ್ತಾರೆ; ಪೊಲೀಸರು ಬಂದು ಧ್ವಜ ಕಿತ್ತೊಯ್ಯುತ್ತಾರೆ; ಬೀದಿ ಹೊತ್ತಿಕೊಳ್ಳುತ್ತದೆ. ಹದಿನಾರು ತುಂಬದ ಹುಡುಗ ಇದನ್ನೆಲ್ಲ ನೋಡಿ ರಾಜಕೀಯದತ್ತ ತಿರುಗುತ್ತಾನೆ. ಅಲ್ಲಿಂದ ಮುಂದೆ ನಾಗರಿಕ ಹಕ್ಕುಗಳ ಚಳವಳಿ, 1968ರ ಅಕ್ಟೋಬರ್ 5ರ ಡೆರಿ ಮೆರವಣಿಗೆಯ ಮೇಲೆ ಲಾಠಿ, 1969ರ ಆಗಸ್ಟ್‌ನಲ್ಲಿ ಸುಟ್ಟುಹೋದ ಬೆಲ್‌ಫಾಸ್ಟಿನ ಬಾಂಬೆ ಸ್ಟ್ರೀಟ್, 1971ರ ಆಗಸ್ಟ್ 9ರ ಸಾಮೂಹಿಕ ಬಂಧನ. ಆ ಬಂಧನದ ಬೆನ್ನಿಗೇ ಅವರ ಬ್ಯಾಲಿಮರ್ಫಿಯಲ್ಲಿ ಹತ್ತು ಮಂದಿ ಗುಂಡಿಗೆ ಬಲಿಯಾದರು. ಆ ಹತ್ತೂ ಜನ ಸಂಪೂರ್ಣ ನಿರಪರಾಧಿಗಳು ಎಂದು ಅಧಿಕೃತ ಮರಣವಿಚಾರಣೆ ಹೇಳಲು 2021ರವರೆಗೆ ಕಾಯಬೇಕಾಯಿತು. ಈ ಭಾಗಗಳಲ್ಲಿ ಆಡಮ್ಸ್ ಹೇಳಿದ್ದಕ್ಕೆ ಕಾಲವೇ ಸಾಕ್ಷಿ ನುಡಿದಿದೆ ಎನ್ನಬೇಕು.

ಆದರೆ ಇದೇ ಬಾಲ್ಯದೊಳಗೆ ಇನ್ನೊಂದು ಮೌನವಿತ್ತೆಂದು ತಿಳಿದದ್ದು ತಡವಾಗಿ. ತಂದೆ ಜೆರ್ರಿ ಆಡಮ್ಸ್ ಹಿರಿಯರು 1942ರಲ್ಲಿ ಪೊಲೀಸರ ಗುಂಡೇಟು ತಿಂದು ಸೆರೆಮನೆ ಕಂಡವರು, ಗಣತಂತ್ರವಾದಿ ಮನೆತನದ ಹಿರಿಮೆಯ ಭಾಗವಾಗಿ ನಿಂತವರು. ಅವರು ಮನೆಯವರ ಮೇಲೆಯೇ ದೌರ್ಜನ್ಯ ನಡೆಸಿದ್ದರೆಂಬುದನ್ನು 2009ರ ಡಿಸೆಂಬರ್‌ನಲ್ಲಿ ಮಗನೇ ಬಹಿರಂಗಪಡಿಸಿದರು. ಮನೆತನ ಮತ್ತು ಚಳವಳಿ ಬೆರೆತುಹೋದಲ್ಲಿ ಎರಡರ ಗುಟ್ಟುಗಳೂ ಒಂದೇ ಶಿಸ್ತಿಗೆ ಒಳಪಡುತ್ತವೆ. 2009ರ ನಂತರ ಪುಸ್ತಕದ ಮೊದಲ ಅಧ್ಯಾಯಗಳನ್ನು ಹಿಂದಿನಷ್ಟು ನಿರಾಳವಾಗಿ ಓದಲಾಗದು.

ಬಂದೂಕಿನ ಪ್ರಸ್ತಾಪ ಬಂದಾಗ ಪುಸ್ತಕ ವಿಚಿತ್ರ ದಾರಿ ಹಿಡಿಯುತ್ತದೆ. ನಡುವೆ ಇದ್ದಕ್ಕಿದ್ದಂತೆ ಒಂದು ಕಲ್ಪಿತ ಕತೆ ಬರುತ್ತದೆ: ಐಆರ್‌ಎ ಹುಡುಗನೊಬ್ಬ ಮರೆಯಲ್ಲಿ ಕಾದು ಕುಳಿತು ಬ್ರಿಟಿಷ್ ಸೈನಿಕನನ್ನು ಗುರಿಯಿಟ್ಟು ಕೊಲ್ಲುವ ಕತೆ. ಆತ್ಮಕಥೆಯೊಳಗೆ ಕತೆಯೇ ಎಂದು ಹುಬ್ಬೇರಿಸಿದವರು ಹಲವರು. ನನಗಿದು ಪುಸ್ತಕದ ಅತ್ಯಂತ ಪ್ರಾಮಾಣಿಕ ಕ್ಷಣವೂ ಅತ್ಯಂತ ಜಾಣ ಕ್ಷಣವೂ ಆಗಿ ಕಾಣುತ್ತದೆ. ಕೊಲ್ಲುವವನ ಮನಸ್ಸನ್ನು ಒಳಗಿನಿಂದ ಹೇಳದೆ ಈ ಯುದ್ಧದ ಕಥನ ಪೂರ್ಣವಾಗದು ಎಂದು ಲೇಖಕರು ಒಪ್ಪಿದ್ದಾರೆ. ಆ ಒಳಗು ತಮ್ಮದೆಂದು ಮಾತ್ರ ಒಪ್ಪಿಲ್ಲ. ಓ’ಮ್ಯಾಲಿ ಉತ್ತಮ ಪುರುಷದಲ್ಲಿ ಹೇಳಿದ್ದನ್ನು ಆಡಮ್ಸ್ ಪಾತ್ರವೊಂದಕ್ಕೆ ದಾಟಿಸಿದ್ದಾರೆ. ಪಾತ್ರವನ್ನು ಯಾವ ಪೊಲೀಸೂ ಬಂಧಿಸಲಾರ.

ಈ ಉಪಾಯ ಅವರಿಗೆ ಹೊಸದೇನಲ್ಲ. ಲಾಂಗ್ ಕೆಶ್ ಹಳೆಯದೊಂದು ವಾಯುನೆಲೆ. ತಗಡಿನ ಗುಡಿಸಲುಗಳಿಗೆ ಮುಳ್ಳುತಂತಿ ಸುತ್ತಿದ ಆವರಣಗಳನ್ನು ಕೈದಿಗಳು ‘ಕೇಜ್’ ಎನ್ನುತ್ತಿದ್ದರು. 1973ರಲ್ಲಿ ಮತ್ತೆ ಕೈದಿಯಾಗಿ ಅಲ್ಲಿಗೆ ಬಂದ ಆಡಮ್ಸ್ ‘ಬ್ರೌನಿ’ ಎಂಬ ಅಂಕಿತದಲ್ಲಿ ಲೇಖನಗಳನ್ನು ಗುಟ್ಟಾಗಿ ಹೊರಸಾಗಿಸಿ ‘ರಿಪಬ್ಲಿಕನ್ ನ್ಯೂಸ್’ ಪತ್ರಿಕೆಗೆ ಬರೆದರು. 1990ರ ‘ಕೇಜ್ ಇಲೆವೆನ್’ ಅವುಗಳ ಸಂಗ್ರಹ. ಬ್ರೌನಿ ಹೆಸರಿನ 1976ರ ಒಂದು ಲೇಖನದಲ್ಲಿ ಬರೆದವನು ತನ್ನನ್ನು ಐಆರ್‌ಎ ಸ್ವಯಂಸೇವಕನೆಂದು ಹೇಳಿಕೊಂಡಿದ್ದಾನೆ. ಆ ಹೆಸರಿನಲ್ಲಿ ಬೇರೆಯವರೂ ಬರೆಯುತ್ತಿದ್ದರೆಂಬುದು ಆಡಮ್ಸ್ ಉತ್ತರ. ಸಾಹಿತ್ಯಕ ಗುಣದಲ್ಲಿ ‘ಕೇಜ್ ಇಲೆವೆನ್’ ಆತ್ಮಕಥೆಗಿಂತ ಮೇಲು. ಕೈದಿಗಳ ತಮಾಷೆ, ಮನೆಯ ನೆನಪು, ಚಹಾ ಕಾಸುವ ಸಡಗರ ಇವೆಲ್ಲ ಅಲ್ಲಿ ಯಾವ ಭಾರವೂ ಇಲ್ಲದೆ ಬರುತ್ತವೆ. ಆತ್ಮಕಥೆಯಲ್ಲಿ ಪಕ್ಷದ ಅಧ್ಯಕ್ಷರು ಆಗಾಗ ಬರಹಗಾರನ ಭುಜದ ಮೇಲೆ ಕೈಯಿಡುತ್ತಾರೆ. ಗಣತಂತ್ರವಾದಿ ಕೈದಿಗಳು ಸೆರೆಯಲ್ಲಿ ನಡೆಸಿದ 1981ರ ಉಪವಾಸದ ಭಾಗದಲ್ಲಿ ಮಾತ್ರ ಆ ಕೈ ಸಡಿಲವಾಗುತ್ತದೆ. ಸಂಸದರಾಗಿ ಆಯ್ಕೆಯಾಗಿದ್ದ ಬಾಬಿ ಸ್ಯಾಂಡ್ಸ್ 66 ದಿನ ಅನ್ನ ಬಿಟ್ಟು ಮೇ 5ರಂದು ಸತ್ತರು. ಒಟ್ಟು ಹತ್ತು ಮಂದಿ ಸತ್ತರು. ಹೊರಗೆ ಕುಳಿತು ಕೈದಿಗಳೊಡನೆ ಸಂಪರ್ಕ ನಡೆಸುತ್ತಿದ್ದವರ ಅಸಹಾಯಕತೆ ಇಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಈಗ ಮೌನದ ಬೆಲೆಯ ವಿಚಾರ. ಈ ಸಂಘರ್ಷದಲ್ಲಿ ಸತ್ತವರು 3,500ಕ್ಕೂ ಹೆಚ್ಚು. ಸುಮಾರು 1,700 ಸಾವುಗಳಿಗೆ ಆಡಮ್ಸ್ ಕಾಲದ ಐಆರ್‌ಎ, ಅಂದರೆ ಪ್ರೊವಿಷನಲ್ ಐಆರ್‌ಎ ಕಾರಣ. 1972ರ ಡಿಸೆಂಬರ್‌ನಲ್ಲಿ ಹತ್ತು ಮಕ್ಕಳ ತಾಯಿ, ವಿಧವೆ ಜೀನ್ ಮೆಕಾನ್ವಿಲ್ ಅವರನ್ನು ಮನೆಯಿಂದ ಎಳೆದೊಯ್ದು ಕೊಂದು ಗುಟ್ಟಾಗಿ ಹೂಳಲಾಯಿತು. ಐಆರ್‌ಎ ಅದನ್ನು ಒಪ್ಪಿಕೊಂಡದ್ದು 1999ರಲ್ಲಿ. ಕಡಲತೀರದಲ್ಲಿ ದೇಹ ಸಿಕ್ಕದ್ದು 2003ರಲ್ಲಿ. ಆಡಮ್ಸ್ ಅವರ ಹಳೆಯ ಗೆಳೆಯ ಬ್ರೆಂಡನ್ ಹ್ಯೂಸ್, ಬಾಸ್ಟನ್ ಕಾಲೇಜಿನ ಮೌಖಿಕ ಇತಿಹಾಸ ಯೋಜನೆಗೆ ನೀಡಿದ ಸಂದರ್ಶನದಲ್ಲಿ ಆ ಆಜ್ಞೆ ಆಡಮ್ಸ್ ಅವರದೆಂದು ಆರೋಪಿಸಿದರು. ತಾವು ಸಾಯುವವರೆಗೆ ಹೊರಬರಬಾರದೆಂಬ ಷರತ್ತಿನ ಆ ಮಾತು 2010ರಲ್ಲಿ ಅಚ್ಚಾಯಿತು. ಆಡಮ್ಸ್ ಖಂಡತುಂಡವಾಗಿ ನಿರಾಕರಿಸಿದರು. 2014ರಲ್ಲಿ ಪೊಲೀಸರು ಅವರನ್ನು ನಾಲ್ಕು ದಿನ ವಿಚಾರಿಸಿ ಬಿಟ್ಟರು, ಮೊಕದ್ದಮೆ ಹೂಡಲಿಲ್ಲ. 2019ರಲ್ಲಿ ಇದೇ ಕೊಲೆಯ ಬಗ್ಗೆ ಇನ್ನೊಬ್ಬರ ವಿರುದ್ಧದ ವಿಚಾರಣೆಯಲ್ಲಿ ನ್ಯಾಯಾಲಯವು ಬಾಸ್ಟನ್ ಧ್ವನಿಮುದ್ರಿಕೆ ನಂಬಲರ್ಹವಲ್ಲ ಎಂದು ತಳ್ಳಿಹಾಕಿತು.

ಆದ್ದರಿಂದ ಹ್ಯೂಸ್ ಹೇಳಿದ್ದೇ ಸತ್ಯ, ಆಡಮ್ಸ್ ಹೇಳಿದ್ದೇ ಸುಳ್ಳು ಎಂದು ಸಂಶೋಧಕ ತಟ್ಟನೆ ತೀರ್ಮಾನಿಸುವಂತಿಲ್ಲ. ಹ್ಯೂಸ್ ಅವರಿಗೆ ಈ ಸಂಘರ್ಷಕ್ಕೆ ತೆರೆ ಎಳೆದ ಶಾಂತಿ ಒಪ್ಪಂದ ದ್ರೋಹವಾಗಿ ಕಂಡಿತ್ತು, ಆ ಸಿಟ್ಟೂ ಅವರ ಮಾತಿನಲ್ಲಿದೆ. ಆದರೂ ಬಾಸ್ಟನ್ ಸಂದರ್ಶನಗಳನ್ನು ಡಬ್ಲಿನ್ ಬ್ಯೂರೋದ ಸಾಕ್ಷ್ಯಗಳೊಡನೆ ಹೋಲಿಸಿದರೆ ವ್ಯತ್ಯಾಸ ನಿಚ್ಚಳ. ಅಲ್ಲಿ ಪ್ರಭುತ್ವವೇ ಮಾತು ಬರೆಸಿಕೊಂಡು ಕಾಪಾಡಿತು. ಇಲ್ಲಿ ಪ್ರಭುತ್ವವೇ ನ್ಯಾಯಾಲಯದ ಮೂಲಕ ಮಾತನ್ನು ಕಸಿದುಕೊಂಡು ಆರೋಪಪಟ್ಟಿಗೆ ಬಳಸಲು ಹೋಯಿತು. ಅದರಿಂದ ಉಳಿದವರ ಬಾಯಿಗೂ ಬೀಗ ಬಿತ್ತು. ಮೆಕಾನ್ವಿಲ್ ಮಕ್ಕಳಂಥವರಿಗೆ ಸತ್ಯವೂ ದಕ್ಕಲಿಲ್ಲ, ನ್ಯಾಯವೂ ದಕ್ಕಲಿಲ್ಲ. ಅತ್ತ, ಲಾಂಗ್ ಕೆಶ್‌ನಿಂದ ತಪ್ಪಿಸಿಕೊಳ್ಳಲು ಯತ್ನಿಸಿದ್ದಕ್ಕೆ ಎಪ್ಪತ್ತರ ದಶಕದಲ್ಲಿ ಆಡಮ್ಸ್ ಮೇಲೆ ಬಿದ್ದಿದ್ದ ಎರಡು ಶಿಕ್ಷೆಗಳನ್ನೂ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2020ರ ಮೇ ತಿಂಗಳಲ್ಲಿ ರದ್ದುಮಾಡಿತು. ಬಂಧನದ ಆಜ್ಞೆಯನ್ನು ಸಚಿವರು ಖುದ್ದಾಗಿ ಪರಿಶೀಲಿಸಿರಲಿಲ್ಲ ಎಂಬುದು ಕಾರಣ.

ಐಆರ್‌ಎಯ ಒಳಾಡಳಿತವನ್ನು ಅರಿಯಲು ‘ಬಿಫೋರ್ ದಿ ಡಾನ್’ ಆಕರವಾಗದು. ಅದಕ್ಕಾಗಿ ಇದನ್ನು ಉದ್ಧರಿಸುವ ಪ್ರಬಂಧಗಳನ್ನು ಪರೀಕ್ಷಕರು ವಾಪಸು ಕಳಿಸುವುದೇ ಸರಿ. ಆದರೆ ಅರವತ್ತರ ದಶಕದ ಪಶ್ಚಿಮ ಬೆಲ್‌ಫಾಸ್ಟಿನ ಕ್ಯಾಥೊಲಿಕ್ ಬಡಾವಣೆಗಳು ಹೇಗೆ ಸಿಡಿದೆದ್ದವು ಎಂಬುದಕ್ಕೂ, ಸಂಧಾನದ ಬಾಗಿಲಲ್ಲಿ ನಿಂತ ಪಕ್ಷವೊಂದು ತನ್ನ ಜನರಿಗೆ ಎಂಥ ಗತವನ್ನು ಕಟ್ಟಿಕೊಟ್ಟಿತು ಎಂಬುದಕ್ಕೂ ಇದು ಮೊದಲ ದರ್ಜೆಯ ಆಕರ. ಓದುವವರು ಎಡಗೈಯಲ್ಲಿ ಹ್ಯೂಸ್ ಸಂದರ್ಶನವನ್ನೂ ಬಲಗೈಯಲ್ಲಿ ಓ’ಮ್ಯಾಲಿಯನ್ನೂ ಇಟ್ಟುಕೊಂಡು ಓದಬೇಕು.